ಕಾಕಾ ಮತ್ತು ಬಗ್ಗಿದ ಪಿನ್ನುಗಳು

ಕಾಕಾ ಅವರ ಬಲಗೈಯ ನಡುವಿನ ಮೂರು ಬೆರಳುಗಳ ತುದಿಗಳು ಚಪ್ಪಟೆಯಾಗಿದ್ದವು. ಕಂಪ್ಯೂಟರ್ ನೋಡಲು ಬಂದರೆ ಆ ಮೂರು ಬೆರಳುಗಳನ್ನು ಕ್ಯಾಬಿನೆಟ್ಟಿನ ನೆತ್ತಿಯ ಮೇಲಿಟ್ಟು, ಕಣ್ಣು ಮುಚ್ಚಿ, ವೈದ್ಯರು ನಾಡಿ ಹಿಡಿದಂತೆ ಸುಮ್ಮನೆ ನಿಲ್ಲುತ್ತಿದ್ದರು. ಅವರಿಗೆ ಕಿವಿ ಮಂದ. ಒಳಗಿನ ಫ್ಯಾನಿನ ಸದ್ದು ಕೇಳಿಸುತ್ತಿರಲಿಲ್ಲ, ಆದರೆ ಅದರ ನಡುಕ ಬೆರಳಿಗೆ ತಿಳಿಯುತ್ತಿತ್ತು. ಬೇರಿಂಗ್ ಸವೆದಿದೆ ಎಂದರೆ ಸವೆದೇ ಇರುತ್ತಿತ್ತು.

ಕಾಕಾ ಎಂದರೆ ಚಿಕ್ಕಪ್ಪ, ಆದರೆ ನನಗೆ ರಕ್ತಸಂಬಂಧವೇನಲ್ಲ. ದಾಂಡೇಲಿಯಲ್ಲಿ ನಮ್ಮ ಓಣಿಯ ಕೊನೆಯ ಮನೆಯವರು. ಹರೆಯದಲ್ಲಿ ಬೆಳಗಾವಿ ಕಡೆಯ ಹಳ್ಳಿಯಿಂದ ಬಂದು ಕಾಗದ ಕಾರ್ಖಾನೆಯಲ್ಲಿ ಮೀಟರು, ಗೇಜುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ, ಅಲ್ಲಿಯೇ ನಿವೃತ್ತರಾದವರು. ಆಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ರಿಪೇರಿ ಶುರು ಮಾಡಿದರು. ಬೋರ್ಡಿಲ್ಲ, ಅಂಗಡಿಗೊಂದು ಹೆಸರಿಲ್ಲ. ಹಾಗಿದ್ದರೂ ಸಾಂಬ್ರಾಣಿ ಊರಿನ ಶಾಲಾ ಮಾಸ್ತರರಿಂದ ಹಿಡಿದು ಮುಂಡಗೋಡದ ಟಿಬೆಟನ್ ಕಾಲೊನಿಯ ಸ್ವೆಟರ್ ವ್ಯಾಪಾರಿಯವರೆಗೆ ಜನ ಕ್ಯಾಬಿನೆಟ್ಟನ್ನು ಚಾದರದಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು.

ಯಂತ್ರ ಬಿಚ್ಚುವ ಮೊದಲು ಕಾಕಾ ಕಿಟಕಿಯ ಕಬ್ಬಿಣದ ಸರಳನ್ನು ಅಂಗೈಯಿಂದ ಮುಟ್ಟುತ್ತಿದ್ದರು. ಮೈಯಲ್ಲಿ ಸೇರಿಕೊಂಡ ಕರೆಂಟು ಚಿಪ್ಪಿಗೆ ತಾಗಬಾರದೆಂದು. ನಮ್ಮ ಅತ್ತೆ ಅದನ್ನು ನಮಸ್ಕಾರವೆಂದೇ ತಿಳಿದಿದ್ದರು. ಕಾಕಾ ನಮ್ಮ ಮನೆಗೆ ಬರುತ್ತಾರೆಂದರೆ ಕಿಟಕಿಯ ಸರಳಿಗೆ ಒಂದು ಸೇವಂತಿಗೆ ಸಿಕ್ಕಿಸಿ ಇಡುತ್ತಿದ್ದರು. ಕಾಕಾ ತಿದ್ದಲು ಹೋಗಲಿಲ್ಲ. ಹೂವನ್ನು ತೆಗೆದು ಕಿವಿಯ ಸಂದಿಗೆ ಇಟ್ಟುಕೊಂಡು, ಸರಳು ಮುಟ್ಟಿ, ಕೆಲಸಕ್ಕೆ ಕೂರುತ್ತಿದ್ದರು. ಅತ್ತೆಗೆ ಅವರ ಮೇಲೆ ಗೌರವ ಬರಲು ಅಷ್ಟೇ ಸಾಕಾಗಿತ್ತು.

ನನ್ನ ಕಥೆಯನ್ನೂ ಸ್ವಲ್ಪ ಹೇಳಬೇಕು. ನಾನು ಮನೆಯಲ್ಲಿ ಕೂತು ಮದುವೆಯ ಆಲ್ಬಮ್ ಮತ್ತು ವಿಡಿಯೋ ಎಡಿಟಿಂಗ್ ಮಾಡುವವಳು. ಯಾರೂ ಕಲಿಸಿದ್ದಲ್ಲ, ಅಡಿಗೆ ಮುಗಿಸಿ, ಯಜಮಾನರು ಪಾಳಿಗೆ ಹೋದ ಮೇಲೆ, ಮೊಬೈಲಿನಲ್ಲಿ ನೋಡಿ ನೋಡಿ ಕಲಿತದ್ದು. ಹಳಿಯಾಳದ ಫೋಟೋಗ್ರಾಫರ್ ಒಬ್ಬರು ಮೊದಮೊದಲು ಅನುಮಾನದಿಂದ, ಆಮೇಲೆ ಧೈರ್ಯದಿಂದ ಕೆಲಸ ಕೊಡತೊಡಗಿದರು. ಮದುವೆಯಾಗಿ ಹದಿಮೂರು ವರ್ಷಗಳಲ್ಲಿ ಇದು ನನ್ನದು ಎಂದು ಹೇಳಿಕೊಳ್ಳುವಂಥ ಕೆಲಸ ಸಿಕ್ಕಿದ್ದು ಅದೊಂದೇ. ಆದರೆ ನನ್ನ ಕಂಪ್ಯೂಟರ್ ಹಳೆಯದು. ಒಂದು ಮದುವೆಯ ವಿಡಿಯೋ ಹೊರಬರುವಷ್ಟರಲ್ಲಿ ದಿನ ಕಳೆದುಹೋಗುತ್ತಿತ್ತು. ಎರಡು ಸಲ ತಡವಾಯಿತು. ಮೂರನೆಯ ಸಲವೂ ತಡವಾದರೆ ಕೆಲಸವನ್ನು ಹುಬ್ಬಳ್ಳಿಗೆ ಕೊಡಬೇಕಾಗುತ್ತದೆ ಎಂದು ಫೋಟೋಗ್ರಾಫರ್ ಮೆತ್ತಗೆ ಹೇಳಿದರು. ಮೆತ್ತಗೆ ಹೇಳಿದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಅವರೇ ಒಂದು ಸಲಹೆಯನ್ನೂ ಕೊಟ್ಟರು. ಹದಿನಾರು ಕೋರಿನ ದೊಡ್ಡ ಪ್ರೊಸೆಸರ್ ತೆಗೆದುಕೊಳ್ಳಬೇಕಂತೆ, ಅದಕ್ಕೆ ತಕ್ಕ ಬೋರ್ಡು, ಅದಕ್ಕೆ ತಕ್ಕ ಮೆಮೊರಿ. ಅಂದರೆ ಪೂರ್ತಿ ಹೊಸ ಯಂತ್ರವೇ.

ಆ ಮಾದರಿಯ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಕಾಕಾ ಅವರ ಮನೆಗೆ ಹೋದೆ. ಜೊತೆಗೆ ಇನ್ನೂ ನಾಲ್ಕು ಮಾದರಿಗಳ ಹೆಸರು. ಇದರಲ್ಲಿ ಯಾವುದು ಒಳ್ಳೆಯದು ಹೇಳಿ ಎಂದು ಅವರ ಕಿವಿಗೆ ಕೇಳುವಂತೆ ಕೂಗಿದೆ. ಅವರು ಚೀಟಿಯನ್ನು ನೋಡಿ ಮಡಚಿ ವಾಪಸು ಕೊಟ್ಟರು.

"ಯಾವ ಪ್ರೊಸೆಸರ್ ಚಲೋ ಅಂತ ಕೇಳಬ್ಯಾಡ ತಂಗಿ. ಮೊದಲ ನಿನ್ನ ಕೆಲಸ ತೋರ್ಸು. ಯಂತ್ರದ ಮಾತು ಆಮ್ಯಾಲ."

ಮರುದಿನ ಮಧ್ಯಾಹ್ನ ಬಂದು ನನ್ನ ಹಿಂದೆ ಒಂದು ಸ್ಟೂಲ್ ಹಾಕಿಕೊಂಡು ಕೂತರು. ನಾನು ಎಂದಿನಂತೆ ಕೆಲಸ ಮಾಡಬೇಕು, ಅವರು ನೋಡುತ್ತಾರೆ. ಇದು ಅವರ ಪದ್ಧತಿ. ಪರದೆಯ ಒಂದು ಮೂಲೆಯಲ್ಲಿ ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಗೆರೆಗಳನ್ನು ತೆರೆದಿಟ್ಟು, ಸಣ್ಣ ವಹಿಯೊಂದರಲ್ಲಿ ಬರೆದುಕೊಳ್ಳುತ್ತಿದ್ದರು. ಹಿಂದೆ ಒಬ್ಬರು ಕೂತು ನೋಡುತ್ತಿದ್ದರೆ ನನಗೆ ಕೈ ಓಡುವುದಿಲ್ಲ. ಒಳಗೊಳಗೇ ಸಿಟ್ಟು ಬಂತು. ಅಂಗಡಿಯವರು ಎರಡು ನಿಮಿಷದಲ್ಲಿ ಹೇಳುವುದಕ್ಕೆ ಇವರಿಗೆ ಅರ್ಧ ದಿನ ಬೇಕೇ ಎಂದುಕೊಂಡೆ. ಸಂಜೆ ಚಹಾ ಕುಡಿಯುತ್ತ ವಹಿ ತೆರೆದರು. ಆಲ್ಬಮ್ಮಿನ ಪುಟ ಜೋಡಿಸುವಾಗ ನನ್ನ ಯಂತ್ರದ ನಾಲ್ಕು ಕೋರುಗಳಲ್ಲಿ ಒಂದೇ ದುಡಿಯುತ್ತದೆ, ಉಳಿದ ಮೂರು ಕಾಲು ಚಾಚಿ ಕೂತಿರುತ್ತವೆ. ವಿಡಿಯೋ ಸಿದ್ಧವಾಗುವಾಗ ನಾಲ್ಕೂ ಉಸಿರು ಬಿಡದೆ ದುಡಿಯುತ್ತವೆ.

"ಕೋರ್ ಅಂದ್ರ ಮಂದಿ ಇದ್ದಂಗ. ಪುಟಾ ಜೋಡ್ಸಾಕ ಒಬ್ಬನ ಕೈ ಚುರುಕ ಇರಬೇಕು. ವಿಡಿಯೋಕ್ಕ ಮಂದಿ ಹೆಚ್ಚ ಬೇಕು. ಆದ್ರ ಹದಿನಾರು ಮಂದೀನ ಕರದ್ರ ಅವರಿಗೆಲ್ಲ ಕೆಲಸ ಎಲ್ಲಿಂದ ತರ್ತಿ? ಎಂಟ ಸಾಕ ನಿನಗ."

ಅಷ್ಟಕ್ಕೇ ಬಿಡಲಿಲ್ಲ. ನಮ್ಮದು ತಗಡಿನ ಪತ್ರಾಸಿನ ಮನೆ, ಬೇಸಿಗೆಯಲ್ಲಿ ಕಾದ ಕಾವಲಿ. ದೊಡ್ಡ ಪ್ರೊಸೆಸರ್ ಎಷ್ಟು ಬಿಸಿಯಾಗುತ್ತದೆ, ಎಷ್ಟು ವ್ಯಾಟ್ ನುಂಗುತ್ತದೆ ಎಂಬುದನ್ನೂ ಲೆಕ್ಕ ಹಾಕಿ, ಕಡಿಮೆ ಬಿಸಿಯ, ನನ್ನ ಹಳೆಯ ಬೋರ್ಡಿನಲ್ಲಿಯೇ ಕೂರುವ ಎಂಟು ಕೋರಿನ ಒಂದು ಮಾದರಿಯನ್ನು ಹುಡುಕಿದರು. ಹೊಸ ಬೋರ್ಡು ಬೇಡ, ಹೊಸ ಮೆಮೊರಿ ಬೇಡ. ಪ್ರೊಸೆಸರ್ ಒಂದನ್ನು ಬದಲಾಯಿಸಿದರೆ ಸಾಕು. ನನಗೆ ಒಳಗೇ ನಿರಾಸೆಯಾಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಹೊಸ ಯಂತ್ರದ ಡಬ್ಬಿ ಮನೆಗೆ ಬರುವುದನ್ನು ಓಣಿಯವರೆಲ್ಲ ನೋಡಲಿ ಎಂಬ ಆಸೆ ಇತ್ತು.

ಪ್ರೊಸೆಸರ್ ಕೊರಿಯರಿನಲ್ಲಿ ಶುಕ್ರವಾರ ಬಂತು. ಕಾಕಾ ಬಂದು ನೋಡಿದರು, ಆದರೆ ಹಾಕಲಿಲ್ಲ. ಬೋರ್ಡಿನಲ್ಲಿ ಬಯಾಸ್ ಎಂಬುದೊಂದು ಇರುತ್ತದೆ. ತನ್ನ ಮೇಲೆ ಕೂತಿರುವ ಪ್ರೊಸೆಸರ್ ಯಾವುದು ಎಂದು ಬೋರ್ಡು ಗುರುತು ಹಿಡಿಯುವುದು ಅದರಿಂದಲೇ. ನನ್ನ ಬೋರ್ಡಿನದು ಹಳೆಯದು, ಹೊಸ ಪ್ರೊಸೆಸರಿನ ಪರಿಚಯ ಅದಕ್ಕಿಲ್ಲ. ಹಳೆಯ ಪ್ರೊಸೆಸರ್ ಇರುವಾಗಲೇ ಬಯಾಸನ್ನು ಹೊಸದು ಮಾಡಬೇಕು, ಆಮೇಲೆ ಬದಲಾಯಿಸಬೇಕು. ಆ ನಡುವೆ ಕರೆಂಟು ಹೋದರೆ ಬೋರ್ಡೇ ಹೋದಂತೆ. ಸೂಪಾ ಅಣೆಕಟ್ಟು ಇಲ್ಲೇ ಪಕ್ಕದಲ್ಲಿದೆ, ಕರೆಂಟು ಹುಟ್ಟುವುದೇ ನಮ್ಮ ಹೊಳೆಯಲ್ಲಿ. ಹಾಗಿದ್ದೂ ಗಾಳಿ ಎದ್ದರೆ ಮೊದಲು ದೀಪ ಆರುವುದು ನಮ್ಮ ಓಣಿಯಲ್ಲಿ. ಆ ದಿನ ಗಾಳಿ ಇತ್ತು. ವಿದ್ಯುತ್ ಕಚೇರಿಗೆ ಹೋಗಿ ಕರೆಂಟು ತೆಗೆಯುವುದಿಲ್ಲವೆಂದು ಕೇಳಿಕೊಂಡು, ಸೋಮವಾರ ಮನೆಯ ಬ್ಯಾಟರಿ ಪೆಟ್ಟಿಗೆಯನ್ನೂ ಹೊತ್ತು ತರುತ್ತೇನೆ, ಅಲ್ಲಿಯವರೆಗೆ ಹಳೆಯದರಲ್ಲೇ ಕೆಲಸ ಮಾಡು ಎಂದರು. ಹೋಗುವಾಗ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳಕ್ಕೆ ದಾರದಿಂದ ಒಂದು ಕೆಂಪು ಚೀಟಿ ಕಟ್ಟಿದರು. "ತೆಗೆಯಬಾರದು" ಎಂದು ದುಂಡಗೆ ಬರೆದಿತ್ತು.

ಆ ಚೀಟಿ ಕಾರ್ಖಾನೆಯಿಂದ ಬಂದ ರೂಢಿ. ಅಲ್ಲಿ ಯಂತ್ರವನ್ನು ರಿಪೇರಿಗೆ ನಿಲ್ಲಿಸಿದರೆ ಸ್ವಿಚ್ಚಿಗೆ ಚೀಟಿ ಕಟ್ಟುತ್ತಾರೆ, ಕಟ್ಟಿದವನೇ ಬಿಚ್ಚಬೇಕು. ದೊಡ್ಡ ಸಾಹೇಬರು ಬಂದರೂ ಬೇರೆಯವರು ಮುಟ್ಟುವಂತಿಲ್ಲ. ಕಾಕಾ ಹಳೆಯ ಲಗ್ನಪತ್ರಿಕೆಯ ರಟ್ಟನ್ನು ಕತ್ತರಿಸಿ ತಮ್ಮ ಚೀಟಿ ಮಾಡಿಕೊಳ್ಳುತ್ತಿದ್ದರು. ಒಮ್ಮೆ ಅವರು ಜ್ವರದಿಂದ ಮಲಗಿದ್ದಾಗ ಸಾಂಬ್ರಾಣಿಯ ಮಾಸ್ತರರ ಕಂಪ್ಯೂಟರಿನ ಮೇಲೆ ಚೀಟಿ ಹನ್ನೆರಡು ದಿನ ಹಾಗೇ ಇತ್ತಂತೆ. ಮಾಸ್ತರರು ಮುಟ್ಟಲಿಲ್ಲ.

ನಾನು ಎರಡು ದಿನವೂ ತಡೆಯಲಿಲ್ಲ. ಶನಿವಾರ ಫೋಟೋಗ್ರಾಫರ್ ಫೋನು ಮಾಡಿದರು. ಹಳಿಯಾಳದ ಒಂದು ಮದುವೆಯ ವಿಡಿಯೋ ಮಂಗಳವಾರ ಬೆಳಿಗ್ಗೆ ಬೇಕೇ ಬೇಕು, ಮದುಮಗಳ ಅಣ್ಣ ಮಿಲಿಟರಿಯವನು, ಅಂದು ಹೊರಡುತ್ತಾನೆ ಎಂದರು. ರಾತ್ರಿ ಹಚ್ಚಿದಾಗ ಯಂತ್ರ ಹನ್ನೊಂದು ತಾಸು ಬೇಕೆಂದು ತೋರಿಸಿತು, ಭಾನುವಾರ ಬೆಳಿಗ್ಗೆ ನೋಡಿದರೆ ಅರ್ಧಕ್ಕೇ ನಿಂತು, ಆರಿ ತಣ್ಣಗಾಗಿತ್ತು. ಹೊಸ ಪ್ರೊಸೆಸರ್ ಪಕ್ಕದ ಕಪಾಟಿನಲ್ಲಿ ಡಬ್ಬಿಯೊಳಗೆ ಕೂತಿದೆ. ಮೊಬೈಲಿನಲ್ಲಿ ಒಬ್ಬ ಹತ್ತು ನಿಮಿಷದಲ್ಲಿ ಬದಲಾಯಿಸಿ ತೋರಿಸುತ್ತಿದ್ದಾನೆ. ಕಾಕಾ ಹಳೆಯ ಕಾಲದವರು, ಇಲ್ಲದ ಹೆದರಿಕೆ ಹಚ್ಚುತ್ತಾರೆ ಎಂದುಕೊಂಡು ಚೀಟಿಯ ದಾರ ಬಿಚ್ಚಿದೆ.

ಪ್ರೊಸೆಸರಿನ ಮೇಲೆ ಫ್ಯಾನು ಇರುತ್ತದೆ, ನಡುವೆ ಪೇಸ್ಟ್ ಹಚ್ಚಿರುತ್ತಾರೆ. ವರ್ಷಗಟ್ಟಲೆ ಒಣಗಿ ಅದು ಅಂಟಾಗಿತ್ತು. ಯಂತ್ರವನ್ನು ಒಂದಿಷ್ಟು ಹೊತ್ತು ಓಡಿಸಿ ಬಿಸಿ ಮಾಡಿ, ತಿರುವಿ ಬಿಡಿಸಬೇಕು. ನಾನು ತಣ್ಣಗಿದ್ದಾಗಲೇ ಜಗ್ಗಿದೆ. ಫ್ಯಾನಿನ ಜೊತೆ ಹಳೆಯ ಪ್ರೊಸೆಸರೂ ಕಿತ್ತುಕೊಂಡು ಬಂತು. ಆಗಲೂ ನನಗೆ ಬುದ್ಧಿ ಬರಲಿಲ್ಲ. ಹೊಸದನ್ನು ಕೂರಿಸಿ ಸ್ವಿಚ್ ಹಾಕಿದೆ. ಪರದೆ ಕಪ್ಪಗೇ ಉಳಿಯಿತು. ಬೋರ್ಡಿಗೆ ಅದರ ಗುರುತು ಸಿಕ್ಕಲಿಲ್ಲ. ಹಳೆಯದನ್ನೇ ವಾಪಸು ಹಾಕೋಣವೆಂದರೆ ಕೂರಲೊಲ್ಲದು. ತಿರುಗಿಸಿ ನೋಡಿದೆ. ಹೊಟ್ಟೆಯಡಿಯ ಕೂದಲೆಳೆಯಂಥ ಪಿನ್ನುಗಳಲ್ಲಿ ಒಂದು ಮೂಲೆಯ ಏಳು ಬಗ್ಗಿ ಮಲಗಿದ್ದವು. ಹೊಸದು ಏಳುವುದಿಲ್ಲ, ಹಳೆಯದು ಕೂರುವುದಿಲ್ಲ, ಮಂಗಳವಾರಕ್ಕೆ ಉಳಿದದ್ದು ಒಂದೇ ದಿನ. ನನ್ನ ಕೆಲಸ ಮುಗಿಯಿತು ಎಂದು ಅಲ್ಲೇ ನೆಲದ ಮೇಲೆ ಕೂತೆ.

ಆಮೇಲೆ ಎದ್ದು ಓಡಿದೆ. ಕಾಕಾ ಊಟಕ್ಕೆ ಕೂತಿದ್ದರು. ಬಾಗಿಲಲ್ಲೇ ನಿಂತು ನಡೆದದ್ದನ್ನೆಲ್ಲ ಕೂಗಿ ಹೇಳಿದೆ. ನೀನು ಮುಂದೆ ನಡೆ, ಬರುತ್ತೇನೆ ಎಂದರು. ಬಂದವರು ಪ್ರೊಸೆಸರನ್ನು ಅಂಗೈಯಲ್ಲಿಟ್ಟು ನೋಡಿದರು, ನೆಲದ ಮೇಲೆ ಬಿದ್ದಿದ್ದ ಕೆಂಪು ಚೀಟಿಯನ್ನೂ ಎತ್ತಿಕೊಂಡರು.

"ಪಿನ್ ಬಗ್ಗಿದ್ದಕ್ಕ ನನಗ ಸಿಟ್ಟಿಲ್ಲ ತಂಗಿ. ಅವು ನೆಟ್ಟಗ ಆಗ್ತಾವ. ಚೀಟಿ ಯಾಕ ಬಿಚ್ಚಿದಿ?"

ಅವರಿಗೊಬ್ಬ ಅಣ್ಣನಿದ್ದದ್ದು ನನಗೆ ತಿಳಿದದ್ದು ಆಗ. ಅವರ ಅಣ್ಣನ ವಿಷಯ ಅವರು ಹೇಳಿದ್ದು ಅದೊಂದೇ ಸಲ. ಊರಿನ ಹಿಟ್ಟಿನ ಗಿರಣಿಯಲ್ಲಿ ಅಣ್ಣ ಯಂತ್ರದ ಬೆಲ್ಟಿನ ಪಟ್ಟಾ ಸರಿಮಾಡಲು ಒಳಗೆ ಕೈ ಹಾಕಿದ್ದಾಗ, ಗಿರಾಕಿಯೊಬ್ಬ ಅವಸರಕ್ಕೆ ಸ್ವಿಚ್ ಒತ್ತಿದನಂತೆ. ಬಲಗೈ ಮೊಣಕೈವರೆಗೆ ಹೋಯಿತು. ಅಲ್ಲಿ ಚೀಟಿ ಕಟ್ಟುವ ಪದ್ಧತಿ ಇರಲಿಲ್ಲ. ಕಾರ್ಖಾನೆಗೆ ಸೇರಿದ ಮೊದಲ ದಿನ ಚೀಟಿಯ ನಿಯಮ ಕೇಳಿ ಕಾಕಾ ಅತ್ತರಂತೆ. ಅದನ್ನು ಹೇಳುವಾಗ ಅವರ ದನಿ ಸಣ್ಣದಾಗಿತ್ತು. ಕಿವಿ ಮಂದವಿದ್ದ ಅವರು ಯಾವಾಗಲೂ ಜೋರಾಗಿಯೇ ಮಾತಾಡುತ್ತಿದ್ದರು, ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಆಗ ಮಾತ್ರ. ನಾಚಿಕೆಯಿಂದ ನೆಲ ನೋಡಿದೆ.

ಪಿನ್ನುಗಳನ್ನು ಅವರು ಸರಿಮಾಡಿ ಕೊಡುತ್ತಾರೆಂದುಕೊಂಡಿದ್ದೆ. ಅವರು ಕಿಟಕಿಯ ಬೆಳಕಿಗೆ ಮೇಜು ಎಳೆದು, ಬಿಳಿ ಬಟ್ಟೆ ಹಾಸಿ, ಸೀಸದ ಕಡ್ಡಿ ತೆಗೆದ, ಒತ್ತುವ ಪೆನ್ ಪೆನ್ಸಿಲ್ ಒಂದನ್ನು ನನ್ನ ಕೈಗೆ ಕೊಟ್ಟರು. ಅದರ ತುದಿಯ ಸಣ್ಣ ಲೋಹದ ಕೊಳವೆಯಲ್ಲಿ ಒಂದೊಂದೇ ಪಿನ್ನು ಹೊಗಿಸಿ ಮೆಲ್ಲಗೆ ಎತ್ತಬೇಕು. ಒಂದು ಮುರಿದರೂ ಮುಗಿಯಿತು. ನನ್ನಿಂದಾಗುವುದಿಲ್ಲ, ನೀವೇ ಮಾಡಿ ಎಂದು ಅಂಗಲಾಚಿದೆ. ಚಷ್ಮಾ ಮನೆಯಲ್ಲೇ ಉಳಿಯಿತು ಎಂದರು. ತರುತ್ತೇನೆ ಎಂದು ಎದ್ದೆ, ಕೂತುಕೋ ಎಂದರು.

"ಅವಸರದಾಕಿ ನೀನು. ಅದಕ್ಕ ನೀನ ಮಾಡ್ಬೇಕು."

ಒಂದೂವರೆ ತಾಸು ಹಿಡಿಯಿತು. ನಾನು ಅವಸರ ಮಾಡಿದಾಗಲೆಲ್ಲ ಪೆನ್ಸಿಲ್ ಕೆಳಗಿಡಿಸಿ ನೀರು ಕುಡಿಸಿದರು. ಸ್ಟೂಲಿನ ಮೇಲೆ ಅಷ್ಟು ದೂರದಲ್ಲಿ ಕೂತೇ, ಮೂರನೆಯದು ಇನ್ನೂ ಒಂದು ಎಳೆಯಷ್ಟು ಹೊರಗೆ ಬಾಗಿದೆ ಎಂದರು. ಚಷ್ಮಾ ಇಲ್ಲದವರಿಗೆ ಅದು ಹೇಗೆ ಕಂಡಿತು ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಐದನೆಯ ಪಿನ್ನು ಬುಡದಲ್ಲೇ ಬಗ್ಗಿತ್ತು. ಅದನ್ನು ನಾನು ಬಿಕ್ಕುತ್ತ ಎತ್ತುವಾಗ ಅತ್ತೆ ಒಳಗಿನಿಂದ ಬಂದು, ನಮ್ಮಿಬ್ಬರ ಮುಖ ನೋಡಿ ದೇವರ ಮನೆಗೆ ಹೋದರು. ಏಳೂ ನೆಟ್ಟಗಾದ ಮೇಲೆ ಪ್ರೊಸೆಸರನ್ನು ಬೋರ್ಡಿನ ಮೇಲಿಟ್ಟೆ. ಒತ್ತುವ ಮೊದಲೇ ಅದು ತಾನಾಗಿ ಕೆಳಗಿಳಿದು ಕೂತಿತು. ಸ್ವಿಚ್ ಹಾಕಿದೆ, ಪರದೆಗೆ ಬೆಳಕು ಬಂತು. ನನಗೆ ಅಳು ಬಂತು. ಕಾಕಾ ಮೂರು ಬೆರಳು ಕ್ಯಾಬಿನೆಟ್ಟಿನ ಮೇಲಿಟ್ಟು, ಓಡುತ್ತಿದೆ ಎಂದಷ್ಟೇ ಹೇಳಿ, ಚೀಟಿಯನ್ನು ಮತ್ತೆ ಕಟ್ಟಿ ಮನೆಗೆ ಹೋದರು.

ಸೋಮವಾರ ಬೆಳಿಗ್ಗೆ ಬ್ಯಾಟರಿ ಪೆಟ್ಟಿಗೆ ಹೊತ್ತು ಬಂದು, ಬಯಾಸ್ ಹೊಸದು ಮಾಡಿ, ತಾವೇ ಚೀಟಿ ಬಿಚ್ಚಿ ಹೊಸ ಪ್ರೊಸೆಸರನ್ನು ನನ್ನಿಂದಲೇ ಹಾಕಿಸಿದರು. ಹನ್ನೊಂದು ತಾಸಿನ ವಿಡಿಯೋ ಮೂರೂವರೆ ತಾಸಿನಲ್ಲಿ ಹೊರಬಂತು. ಮಂಗಳವಾರ ಮೊದಲ ಬಸ್ಸಿಗೆ ಹಳಿಯಾಳಕ್ಕೆ ಕಳಿಸಿದೆ. ಫೋಟೋಗ್ರಾಫರ್ ಆಮೇಲೆ ಹುಬ್ಬಳ್ಳಿಯ ಮಾತೆತ್ತಲಿಲ್ಲ. ನನ್ನ ಕೆಲಸ ಉಳಿಯಿತು, ಇವತ್ತಿಗೂ ಇದೆ. ಅಲ್ಲಿಂದ ಮುಂದೆ ಕಾಕಾ ಏನಾದರೂ ಬಿಚ್ಚುವುದಿದ್ದರೆ ನನಗೂ ಹೇಳಿ ಕಳಿಸುತ್ತಿದ್ದರು. ಜೋಯಿಡಾ ಕಡೆಯಿಂದ ಬಂದ ಯಂತ್ರಗಳನ್ನು ಕೊನೆಕೊನೆಗೆ ನಾನೇ ಬಿಚ್ಚಿ ಜೋಡಿಸುತ್ತಿದ್ದೆ, ಅವರು ಬೆರಳಿಟ್ಟು ನೋಡುತ್ತಿದ್ದರು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕಾಕಾ ತೀರಿಕೊಂಡರು. ನಾಲ್ಕು ದಿನದ ಜ್ವರ, ಅಷ್ಟೇ. ದಿನಕರ್ಮಗಳೆಲ್ಲ ಮುಗಿದ ಮೇಲೆ ಅವರ ಹೆಂಡತಿ, ನಮ್ಮ ಕಾಕು, ನನ್ನನ್ನು ಕರೆದರು. ಕಪಾಟಿನ ಸಾಮಾನು ಯಾರದು ಯಾರಿಗೆ ಮುಟ್ಟಿಸಬೇಕು ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಇಬ್ಬರೂ ಕೂತು ಒಂದೊಂದೇ ಡಬ್ಬಿ ತೆರೆದೆವು. ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯೊಳಗೆ ಪ್ರೊಸೆಸರ್ ಒಂದು ಸಿಕ್ಕಿತು. ಅದರ ಮೇಲಿನ ಅಕ್ಷರಗಳನ್ನು ಎರಡು ಸಲ ಓದಿದೆ. ಅದು ನನ್ನ ಹಳೆಯ ಪ್ರೊಸೆಸರಿನದೇ ಮಾದರಿ. ಅದನ್ನು ನನ್ನ ಬೋರ್ಡಿಗೆ ಹಾಕಿದ್ದರೆ, ಬಗ್ಗಿದ ಪಿನ್ನುಗಳನ್ನು ಮುಟ್ಟುವ ಗೊಡವೆಯೇ ಇಲ್ಲದೆ, ಯಂತ್ರ ಐದು ನಿಮಿಷದಲ್ಲಿ ಏಳುತ್ತಿತ್ತು.

ಇದು ಯಾವಾಗಿನದು ಎಂದು ಕಾಕುವನ್ನು ಕೇಳಿದೆ. ಅವರು ಡಬ್ಬಿಯನ್ನು ಗುರುತಿಸಿದರು.

"ಇದನ್ನ ಅವತ್ತ ನಿಮ್ಮ ಮನಿಗೆ ತಂದಿದ್ರವ್ವಾ. ಊಟ ಅರ್ಧಕ್ಕ ಬಿಟ್ಟು ಎದ್ದು, ಹುಡುಕಿ ಕಿಸೇದಾಗ ಹಾಕ್ಕೊಂಡ್ರು. ಆಕಿ ಕೈಲೆ ಆಗಲಿಲ್ಲಂದ್ರ ಕೊಡ್ತೇನಿ ಅಂದಿದ್ರು. ಸಂಜಿಮುಂದ ನಕ್ಕೋತ ಬಂದು ಹೊಳ್ಳಿ ಇಲ್ಲೇ ಇಟ್ರು."

ನಾನು ಬೆವರಿಳಿಸಿಕೊಂಡು ಒಂದೊಂದೇ ಪಿನ್ನು ಎತ್ತುತ್ತಿದ್ದ ಅಷ್ಟೂ ಹೊತ್ತು ಅದು ಅವರ ಅಂಗಿಯ ಕಿಸೆಯಲ್ಲೇ ಇತ್ತು. ಒಂದು ಸಲವೂ ಅವರು ಅಲ್ಲಿಗೆ ಕೈ ಒಯ್ಯಲಿಲ್ಲ. ಐದನೆಯ ಪಿನ್ನಿನ ಹೊತ್ತಿಗೆ ನಾನು ಬಿಕ್ಕುತ್ತಿದ್ದಾಗಲೂ ಒಯ್ಯಲಿಲ್ಲ. ಇವಳಿಂದ ಆಗುತ್ತದೆ ಎಂದು ಅಷ್ಟು ಗಟ್ಟಿಯಾಗಿ ನನ್ನನ್ನು ನಂಬಿ ಕೂತವರು ಅವರಿಗಿಂತ ಮೊದಲು ನನ್ನ ಬದುಕಿನಲ್ಲಿ ಯಾರೂ ಇರಲಿಲ್ಲ.