ಮಾನಮ್ಮನ ಹೊಸ್ತಿಲಿನಿಂದ ಕಾಣುವ ಬಾವಿ

ಮಾನ್ವಿಯ ಅಂಚಿನ ಕೂಲಿಕಾರರ ಕೇರಿಯಲ್ಲಿ ಕೋಳಿ ಕೂಗುವ ಹೊತ್ತಿಗೆ ಮಾನಮ್ಮ ಮನೆಯ ಮುಂದೆ ಬಾವಿ ತೋಡಲು ಕೂರುತ್ತಾರೆ. ಗುದ್ದಲಿ ಇಲ್ಲ, ಸಲಿಕೆ ಇಲ್ಲ. ಒಂದು ಬುಟ್ಟಿಯಲ್ಲಿ ರಂಗೋಲಿ ಪುಡಿ, ಇನ್ನೊಂದರಲ್ಲಿ ಅರೆದ ಇದ್ದಿಲು, ಮಡಕೆ ಚೂರಿನಲ್ಲಿ ಕೆಮ್ಮಣ್ಣು. ಬಾಗಿಲ ಚೌಕಟ್ಟಿನಲ್ಲಿ ತಮ್ಮ ಕಣ್ಣಿನ ಎತ್ತರಕ್ಕೆ ಒಂದು ಮೊಳೆ ಹೊಡೆದಿದ್ದಾರೆ. ಅದಕ್ಕೆ ಕಟ್ಟಿದ ನೂಲನ್ನು ನೆಲದವರೆಗೆ ಎಳೆದೆಳೆದು ಗುರುತು ಹಾಕುತ್ತಾರೆ. ಬಿಸಿಲೇರುವಷ್ಟರಲ್ಲಿ ಸಾರಿಸಿದ ನೆಲದಲ್ಲಿ ಕಲ್ಲು ಕಟ್ಟಿದ ಬಾವಿ ಬಾಯಿ ತೆರೆಯುತ್ತದೆ. ಕೆಳಗಿಳಿಯುವ ಮೆಟ್ಟಿಲು, ತಳದಲ್ಲಿ ಕಪ್ಪು ನೀರು. ಹೊಸ್ತಿಲಿನಿಂದ ಹೊರಬೀಳುವಾಗ ಗೊತ್ತಿದ್ದವರೂ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟೇ ದಾಟುತ್ತಾರೆ.

ಈ ಕಣ್ಕಟ್ಟು ಅವರಿಗೆ ಅಪ್ಪನಿಂದ ಬಂದದ್ದು. ಹಂಪಯ್ಯ ದೇವದುರ್ಗದ ಕಡೆಯ ನಾಟಕದವರಿಗೆ ಪರದೆ ಬರೆಯುತ್ತಿದ್ದರು. ಬಟ್ಟೆಯ ಮೇಲೆ ಅರಮನೆ ಎಬ್ಬಿಸಿ, ಕಂಬಗಳ ಸಾಲನ್ನು ಹರದಾರಿ ದೂರ ಓಡಿಸುವ ಕೈ. ಮಗಳು ಬಣ್ಣ ಅರೆಯುತ್ತಾ ನೋಡಿ ಕಲಿತರು. "ಪರದಿ ಮ್ಯಾಲ ದೂರಿನ ಕಂಬ ಸಣ್ಣಗ ಬರಿಬೇಕು. ನೆಲದಾಗ ಹಂಗಲ್ರಿ, ದೂರಿದ್ದದ್ದನ್ನ ಉದ್ದಕ ಜಗ್ಗಬೇಕು. ಮೊದಲ ಸಲ ಬರದಾಗ ಬಾವಿ ಹೋಗಿ ದ್ವಾಸಿ ಆಗಿತ್ತು," ಎಂದು ನಗುತ್ತಾರೆ.

ಹಗಲೆಲ್ಲ ಅವರದು ಸುಣ್ಣ ಬಳಿಯುವ ಕೂಲಿ. ಊರಿನ ಗೋಡೆಗಳೆಲ್ಲ ಅವರ ಕೈಯಿಂದ ಬೆಳ್ಳಗಾಗಿವೆ, ಅವರ ಕೈ ಮಾತ್ರ ಸುಣ್ಣ ತಿಂದು ಬಿರುಕು ಬಿಟ್ಟಿದೆ. ಸಂಜೆ ಮೇಲೋಣಿಯ ಬಾವಿಗೆ ಕೊಡ ಹಿಡಿದು ಹೋಗಬೇಕು. ಕೇರಿಯ ಹೆಂಗಸರು ಆ ಬಾವಿಯ ಕಟ್ಟೆ ಹತ್ತುವಂತಿಲ್ಲ. ಮೇಲಿನವರು ಯಾರಾದರೂ ಸೇದಿ, ಎತ್ತರದಿಂದ ಸುರಿಯುವವರೆಗೆ ಕೆಳಗೆ ಕಾಯುತ್ತಾ ನಿಲ್ಲಬೇಕು. ಅಂಥ ಒಂದು ಸಂಜೆ, ಎಂಬತ್ತೆರಡನೇ ಇಸವಿಯ ದೀಪಾವಳಿ ಮುಂದೆ, ಖಾಲಿ ಕೊಡ ಹೊತ್ತು ತಿರುಗಿ ಬಂದ ಮಾನಮ್ಮ ಮರುದಿನ ಅಂಗಳದಲ್ಲಿ ಹೂಬಳ್ಳಿಯ ಬದಲು ಬಾವಿ ಬರೆದರು. ಆಗಿನಿಂದ ಅಳಿಸಿದಾಗೆಲ್ಲ ತಿದ್ದುತ್ತಿದ್ದಾರೆ.

ಈ ಬಾವಿಗೊಂದು ಗುಣವಿದೆ. ಓಣಿಯ ತುದಿಯಿಂದ ನೋಡಿದರೆ ಬರೀ ಚೆಲ್ಲಿದ ಇದ್ದಿಲು. ಮಾನಮ್ಮನ ಹೊಸ್ತಿಲ ಮೇಲೆ ನಿಂತರಷ್ಟೇ ಅದು ಬಾವಿ. ಸುದ್ದಿ ಹಬ್ಬಿದಂತೆ ಮೇಲೋಣಿಯವರೂ ಬಂದರು. ಕೇರಿಗೆ ಎಂದೂ ಕಾಲಿಡದವರು ಅಂಚಿನಲ್ಲೇ ನಿಂತು ಕತ್ತು ಉದ್ದ ಮಾಡಿದರು. "ಅಲ್ಲಿ ಕಾಣಂಗಿಲ್ರಿ, ಹೊಸ್ತಿಲಕ ಬರ್ರಿ," ಎಂದು ಮಾನಮ್ಮ ಕರೆದರು. ಕೆಲವರು ಬಂದು ನಿಂತು ಎದೆ ಹಿಡಿದುಕೊಂಡರು. ಕೆಲವರು ಅಲ್ಲಿಂದಲೇ ತಿರುಗಿ ಹೋದರು. ಅವರ ಮಡಿಯೇನೋ ಉಳಿಯಿತು, ಬಾವಿ ಮಾತ್ರ ಕಾಣಲಿಲ್ಲ.

ಹೀಗೆ ನಡೆದಿರುವಾಗ, ನೆರೆಮನೆಯ ಪಾರ್ವತೆಮ್ಮ ಒಂದು ಬೆಳಿಗ್ಗೆ ಬಾಣಂತಿ ಸೊಸೆಯನ್ನು ಕರೆದುಕೊಂಡು ಬಂದರು. ಹೆರಿಗೆಯಾದವಳು ಬಾವಿಗೆ ಗಂಗೆಪೂಜೆ ಮಾಡಿಯೇ ನೀರು ಹೊರಬೇಕೆಂಬುದು ಪದ್ಧತಿ. ಮೇಲೋಣಿಯ ಕಟ್ಟೆಗಂತೂ ಕುಂಕುಮ ಹಚ್ಚಲು ಬಿಡುವುದಿಲ್ಲ. ಬರೆದ ಬಾವಿಯ ಅಂಚಿಗೆ ಸೊಸೆ ಐದು ಕಲ್ಲಿಟ್ಟು, ಅರಿಶಿನ ಹಚ್ಚಿ, ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೈ ಮುಗಿದಳು.

"ಊರ ಮಂದಿ ಹೌಹಾರಿದಾಗ ನಗು ಬರ್ತಿತ್ರಿ. ಆಕಿ ಕೈ ಮುಗದಾಗ ನನಗ ನಾಚ್ಕಿ ಆತು. ಬಾಣಂತಿಗೆ ಮೋಸ ಮಾಡಿದಂಗಾತು," ಎನ್ನುವಾಗ ಮಾನಮ್ಮನ ದನಿ ಇಳಿಯುತ್ತದೆ.

ಆ ವಾರವೇ ರಾಯಚೂರಿನಿಂದ ಒಬ್ಬ ಅಧಿಕಾರಿ ಬಂದರು. ಅಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಜಿಲಾನಿ ಪಾಷಾ, ಹಂಪಯ್ಯನ ಹಳೆಯ ಗೆಳೆಯ, ಈ ಬಾವಿಯ ಫೋಟೋ ತೆಗೆದು ಅಂಗಡಿಯ ಗಾಜಿನಲ್ಲಿ ತೂಗುಹಾಕಿದ್ದರು. ಅದನ್ನು ಕಂಡ ಅಧಿಕಾರಿ ಹೊಸ್ತಿಲ ಮೇಲೆ ನಿಂತು ನೋಡಿ, ರಾಯಚೂರಿನ ವಸ್ತುಪ್ರದರ್ಶನದಲ್ಲಿ ಇಂಥದೇ ಒಂದನ್ನು ಬರೆಯಬೇಕೆಂದು ಕೇಳಿದರು. ಮಾನಮ್ಮ, "ಬರ್ತೀನ್ರಿ ಸಾಹೇಬ್ರ. ಮೊದಲ ನಮ್ಮ ಕೇರಿಗೊಂದು ಬೋರಿಂಗ್ ಹಾಕಸ್ರಿ," ಎಂದುಬಿಟ್ಟರು.

ಅರ್ಜಿ ಅಲೆದಾಡಿ, ಕೊನೆಗೆ ಕೊಳವೆಬಾವಿ ಮಂಜೂರಾಗಿದೆ. ನೀರು ನೋಡುವವರು ಕೇರಿಯೆಲ್ಲ ಸುತ್ತಿ, ಬೇರೆಡೆ ಬಂಡೆ ಎಂದು ಹೇಳಿ, ಬರೆದ ಬಾವಿಯ ನಟ್ಟನಡುವೆ ಗೂಟ ಬಡಿದು ಹೋಗಿದ್ದಾರೆ. ಕೊರೆಯುವ ಲಾರಿ ಇಷ್ಟರಲ್ಲೇ ಬರಬೇಕು. ಬಂದರೆ ಅಲ್ಲಿ ಕಟ್ಟೆ ಏಳುತ್ತದೆ, ಕೈಪಂಪು ನಿಲ್ಲುತ್ತದೆ. ಹೊಸ್ತಿಲಿನಿಂದ ನೂಲು ಎಳೆಯಲು ಜಾಗವೇ ಉಳಿಯುವುದಿಲ್ಲ.

ಕೇರಿಯಲ್ಲಿ ಇದೇ ಜಗಳ. ಪಾರ್ವತೆಮ್ಮನಿಗಂತೂ ಸಂಕಟ. "ಯವ್ವಾ, ಅದು ಇರಾದಕ್ಕ ಮ್ಯಾಲಿನ ಮಂದಿ ನಿನ್ನ ಹೊಸ್ತಿಲ ತುಳದ್ರು. ನಾಳಿ ಅದು ಹೋದ್ರ ಯಾರು ಬರ್ತಾರ ಬೇ ನಮ್ಮ ಕೇರಿಗೆ? ಮತ್ತ ಮೊದಲಿನಂಗ ಆಕ್ಕದ ನೋಡು."

ಮಾನಮ್ಮನಿಗೆ ಅದು ಗೊತ್ತಿಲ್ಲದ ಮಾತೇನಲ್ಲ. ಮೂರ್ತಿಗೆ ಕಣ್ಣು ಬಿಡಿಸುವವರ ಎಚ್ಚರದಲ್ಲಿ ಗೂಟದ ಸುತ್ತ ಕಪ್ಪು ನೀರು ತುಂಬುತ್ತಿದ್ದಾರೆ. ಬಹುಶಃ ಇದೇ ಕೊನೆಯ ಸಲ. ಬೇಸರವಾಗುವುದಿಲ್ಲವೇ ಎಂದು ಕೇಳಿದರೆ ಕೈಯ ಇದ್ದಿಲನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಆಕ್ಕದ್ರಿ, ಯಾಕ ಆಗಂಗಿಲ್ಲ? ಇಷ್ಟು ಚಂದ ಬಾವಿ ಮಾನ್ವ್ಯಾಗ ಇನ್ನೊಂದಿಲ್ಲ. ಆದ್ರ ಬರದಾಗಿಂದ ಇವತ್ತಿನತನ ಇದ್ರಾಗ ಒಂದು ಕೊಡಾನೂ ತುಂಬಿಲ್ರಿ."