ಟೈಪಿಸ್ಟರಿಗೆ ಬಂದ ನೋಟಿಸು

ಯಲಹಂಕ ಬಸ್‌ಸ್ಟಾಂಡಿನ ಹಿಂದೆ ಬಾಡಿಗೆ ಕರಾರು, ನೋಟಿಸು ಟೈಪು ಮಾಡುತ್ತಿದ್ದ ಟೈಪಿಸ್ಟರು ಬಂದವರನ್ನೆಲ್ಲ ಕೇಳುತ್ತಿದ್ದುದು ಒಂದೇ: “ಮನೆ ಖಾಲಿ ಮಾಡೋದಾ, ಮಾಡ್ಸೋದಾ?” ಉತ್ತರ ಯಾವುದಾದರೂ ಅವರ ಮುಖ ಬದಲಾಗುತ್ತಿರಲಿಲ್ಲ.

ಒಂದು ದಿನ ನಾನು ಹೋದಾಗ, ನನಗಿಂತ ಮುಂಚೆ ಆ ಟೈಪಿಸ್ಟರ ಮನೆ ಓನರ್ರೇ ಬಂದು ಕೂತಿದ್ದರು. ಅವರಿಗೂ ಅದೇ ಪ್ರಶ್ನೆ.

“ಮಾಡ್ಸೋದು.”

“ಯಾರನ್ನ ಸಾರ್?”

“ನಿಮ್ಮನ್ನೇ ಕಣ್ರೀ. ಮಗಳು ಬರ್ತಾಳೆ, ಹತ್ತು ದಿನದಲ್ಲಿ ಬಿಡ್ಬೇಕು. ನಂಗ್ ಬೇರೆ ಟೈಪಿಸ್ಟ್ ಯಾರೂ ಗೊತ್ತಿಲ್ಲ.”

ಟೈಪಿಸ್ಟರು ತಮ್ಮ ಹೆಸರನ್ನು ಇನಿಷಿಯಲ್ ಸಮೇತ ಹೊಡೆದು, ಬೆರಳು ನಿಲ್ಲಿಸಿದರು.

“ಹತ್ತು ದಿನ ಕೋರ್ಟಲ್ಲಿ ನಿಲ್ಲಲ್ಲ ಸಾರ್. ಒಂದು ತಿಂಗಳು ಹಾಕ್ತೀನಿ.”

“ನಿಮಗೆ ಗೊತ್ತಿರುತ್ತೆ, ಹಾಕಿ.”

ಎರಡು ಪ್ರತಿ ತೆಗೆದರು. ಒಂದಕ್ಕೆ ‘ತಲುಪಿದೆ’ ಎಂದು ಸಹಿ ಹಾಕಿ ಓನರ್ ಕೈಗಿತ್ತರು. ಇನ್ನೊಂದನ್ನು ಮಡಚಿ ಊಟದ ಡಬ್ಬಿಯ ಚೀಲಕ್ಕೆ ಸೇರಿಸಿ, ನನ್ನತ್ತ ತಿರುಗಿದರು.

“ನಿಮ್ದು ಸಾರ್? ಖಾಲಿ ಮಾಡೋದಾ, ಮಾಡ್ಸೋದಾ?”