ಕಾಪು ಕಡಲಿನಲ್ಲಿ ಹಾರದ ಗುಂಡು

ಕಾಪುವಿನ ಕಡಲತೀರದಲ್ಲಿ ಮರಳಿನಲ್ಲಿ ಹೂತುಹೋದ ಕಾರನ್ನು ಎಳೆಯಲು ನನ್ನ ವಿಂಚ್ ಜೀಪು ತೆಗೆದುಕೊಂಡು ಹೋಗಿದ್ದೆ. ಕಾರಿನ ಯಜಮಾನರು ದುಬೈಯಿಂದ ರಜೆಗೆ ಬಂದವರು. ಕಾರಿನ ಹಿಂದುಗಡೆ ಬಂಪರಿನ ಹತ್ತಿರ ಚಂದಕ್ಕೆಂದು ಹಾಕಿಸಿದ್ದ ಉಕ್ಕಿನ ಗುಂಡನ್ನು ತೋರಿಸಿ, "ಇದಕ್ಕೇ ಹುಕ್ ಸಿಕ್ಕಿಸಿ ಮಾರಾಯ್ರೆ" ಎಂದರು.

"ಅದು ಟ್ರೇಲರ್ ಕಟ್ಟಲಿಕ್ಕೆ ಇರುವುದು. ಅದಕ್ಕೆ ಕಟ್ಟಿ ಹೂತ ಕಾರನ್ನು ಎಳೆದರೆ ಅದು ತುಂಡಾಗಿ ತೋಪಿನ ಗುಂಡಿನ ಹಾಗೆ ಹಾರುತ್ತದೆ. ಚಾಸಿಯ ಕೊಂಡಿ ಮರಳಿನಡಿ ಉಂಟು, ಅಗೆದು ಅದಕ್ಕೆ ಶ್ಯಾಕಲಿನ ಕಬ್ಬಿಣದ ಬಳೆ ಹಾಕಿ ಎಳೆಯುವ" ಎಂದೆ.

"ಅಷ್ಟರಲ್ಲಿ ಕಡಲಿನ ನೀರು ಏರಿ ಬರುವುದಿಲ್ವಾ? ದುಬೈಯ ಮರಳಿನಲ್ಲಿ ನಾವು ಎಷ್ಟು ಕಾರು ಎಳೆದಿಲ್ಲ!"

ನಾನು ಬಗ್ಗಿ ಅಗೆಯುತ್ತಿದ್ದಂತೆಯೇ ಅವರು ಟ್ರ್ಯಾಕ್ಟರ್ ಒಂದನ್ನು ಕರೆಸಿ, ಆ ಉಕ್ಕಿನ ಗುಂಡಿಗೇ ಸರಪಳಿ ಸುತ್ತಿಸಿದರು. ಅವರ ಹೆಂಡತಿ ವಿಡಿಯೋ ಮಾಡುತ್ತಿದ್ದರು. "ಅಕ್ಕ, ದೂರ ಹೋಗಿ!" ಎಂದು ಕೂಗಿದೆ. ಅವರು ಸರಪಳಿಯ ನೇರಕ್ಕೆ ಇನ್ನಷ್ಟು ಹತ್ತಿರ ಬಂದರು. ನಾನು ಕಣ್ಣು ಮುಚ್ಚಿಕೊಂಡೆ.

ಏನೂ ಆಗಲಿಲ್ಲ. ಕಾರು ಮೇಲೆ ಬಂತು, ಜನ ಚಪ್ಪಾಳೆ ತಟ್ಟಿದರು.

ಆ ವಿಡಿಯೋ ಊರೆಲ್ಲ ಸುತ್ತಿತು. ಮೊನ್ನೆ ಉದ್ಯಾವರದಿಂದ ಒಬ್ಬರು ಫೋನ್ ಮಾಡಿ, ಕಾರು ಹೊಳೆಬದಿಯಲ್ಲಿ ಹೂತಿದೆ ಎಂದರು. ಹುಕ್ ಎಲ್ಲಿಗೆ ಸಿಕ್ಕಿಸುವುದೆಂದು ಬಂದು ನೋಡುತ್ತೇನೆ ಎಂದೆ.

"ಎಂತ ನೋಡುವುದು? ನಮ್ಮದರಲ್ಲೂ ಗುಂಡು ಉಂಟು. ಆ ಟ್ರ್ಯಾಕ್ಟರಿನವರ ನಂಬರ್ ಕೊಡಿ, ಸಾಕು."

ನಾನು ಕೊಡಲಿಲ್ಲ. ಸಂಜೆಗೆ ಅವರ ವಿಡಿಯೋ ಕೂಡ ನನ್ನ ಮೊಬೈಲಿಗೆ ಬಂತು. ಅದರಲ್ಲಿ ಗುಂಡು ಹಾರಿತ್ತು.